ಬಾವಿಗೆ ಹೋಗಿದ್ದಾಳೆ

ಜೆ.ಪಿ. ನಗರದ ಹೊಸ ಮನೆಗೆ ಬಂದು ಎರಡು ವರ್ಷ ತುಂಬಿದ್ದರೂ ವಿಮಲಾಗೆ ಮುಂದಿನ ಕೋಣೆಯಲ್ಲಿ ಒಬ್ಬಳೇ ಕೂರುವುದು ಅಭ್ಯಾಸವಾಗಿರಲಿಲ್ಲ. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಏನನ್ನು? ಕೋಣೆಯ ಈಶಾನ್ಯ ಮೂಲೆಯಲ್ಲಿ ನೆಲ ಒಣಗುವುದಿಲ್ಲ ಅಂತಲೇ? ಅಲ್ಲಿನ ರೆಡ್ ಆಕ್ಸೈಡ್ ಗಾರೆಯನ್ನು ಎರಡು ಸಲ ಕಿತ್ತು ಹೊಸದಾಗಿ ಹಾಕಿಸಿದ್ದಾಗಿತ್ತು. ಮನೆ ಕಟ್ಟಿದ ಮೇಸ್ತ್ರಿ ಗುಂಡಣ್ಣ, "ಮಣ್ಣು ಇನ್ನೂ ಕೂತಿಲ್ಲಮ್ಮ, ಒಂದು ಮಳೆಗಾಲ ಕಳೀಲಿ" ಅಂದಿದ್ದ. ಎರಡು ಮಳೆಗಾಲ ಕಳೆದಿದ್ದವು. ಮೂಲೆ ಹಾಗೇ ತಣ್ಣಗೆ, ಒದ್ದೆ ಕೈಯಲ್ಲಿ ಒರೆಸಿದ ಹಾಗೆ ಮಂಕಾಗಿತ್ತು.

ತೇವದ ಮಾತು ಹಾಗಿರಲಿ. ಗಂಡ ಸೇತುರಾಮ ಒಂಬತ್ತಕ್ಕೆ ಆಫೀಸಿಗೆ ಹೊರಟರೆ ಬರುವುದು ಆರೂವರೆಗೆ. ಮಧ್ಯಾಹ್ನದ ಹೊತ್ತು ವಿಮಲಾ ಆ ಮೂಲೆಗೆ ಬೆನ್ನು ಮಾಡಿ ಕೂತು ಪತ್ರಿಕೆ ಓದುವಾಗ, ಹಿಂದೆ ಒಂದು ಮಗು ಕುಕ್ಕರುಗಾಲಲ್ಲಿ ಕೂತು ತನ್ನನ್ನು ಯಾವಾಗ ಮಾತಾಡಿಸುತ್ತಾರೋ ಎಂದು ಕಾಯುತ್ತಿದೆ ಅನ್ನಿಸುತ್ತಿತ್ತು. ತಿರುಗಿದರೆ ಖಾಲಿ ಗೋಡೆ. ಮಕ್ಕಳಿಲ್ಲದ ಮನೆಯಲ್ಲಿ ಹೀಗನ್ನಿಸುವುದು ಸಹಜ ಎಂದು ತನಗೆ ತಾನೇ ಹೇಳಿಕೊಂಡು, ಕೊನೆಗೆ ಪತ್ರಿಕೆಯನ್ನು ಅಡುಗೆಮನೆಗೆ ಒಯ್ದು ಓದತೊಡಗಿದಳು.

ವಿಲ್ಸನ್ ಗಾರ್ಡನ್ನಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಅವಳು ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಇಲ್ಲಿಗೆ ಬಂದ ಮೇಲೆ ಎರಡು ಬಸ್ಸು ಬದಲಿಸಿ ಹೋಗುವುದಾಗದೆ ಬಿಟ್ಟಿದ್ದಳು. ಎಂಬತ್ತೊಂದರ ಜೂನಿನಲ್ಲಿ ಗೇಟಿಗೆ ಒಂದು ಬೋರ್ಡು ತೂಗುಹಾಕಿದಳು: ದೊಡ್ಡವರಿಗೆ ಇಂಗ್ಲಿಷ್ ಕಲಿಸಲಾಗುವುದು, ಸಂಜೆ ಐದೂವರೆಯಿಂದ. ಸೇತುರಾಮ ಅದನ್ನು ಓದಿ, "ಹೊತ್ತು ಹೋಗತ್ತೆ, ಒಳ್ಳೇದೇ" ಎಂದ. ಆ ಕೋಣೆಯಲ್ಲಿ ನಾಲ್ಕು ಜನರ ದನಿ ತುಂಬಲಿ ಎಂಬುದೇ ಅವಳ ಆಸೆಯೆಂದು ಅವನಿಗೆ ಗೊತ್ತಿರಲಿಲ್ಲ.

ಮೊದಲು ಬಂದವರು ಇಬ್ಬರು. ಟೈಪಿಂಗ್ ಪಾಸು ಮಾಡಿ ಕೆಲಸ ಹುಡುಕುತ್ತಿದ್ದ ಜಯಾ, ಮತ್ತು ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬರುತ್ತಿದ್ದ ಬಸ್ ಕಂಡಕ್ಟರ್ ತಿಮ್ಮರಾಯಪ್ಪ. ಆಷಾಢದ ಗಾಳಿ ಬೀಸುತ್ತಿದ್ದ ಒಂದು ಸಂಜೆ ಮೂರನೆಯವಳು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲಿ ಸುರುಳಿ ಸುತ್ತಿದ ನೋಟ್‌ಬುಕ್ಕು. ಹೆಸರು ಮುನಿಲಕ್ಷ್ಮಮ್ಮ, ಊರು ಪಕ್ಕದ ಸಾರಕ್ಕಿ. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದಳು.

"ನಿಮಗೆ ಇಂಗ್ಲಿಷ್ ಯಾಕೆ ಬೇಕು?" ಎಂದು ವಿಮಲಾ ಕೇಳಿದಳು. ಪಾಠಕ್ಕೆ ಬಂದವರು ಯಾರೇ ಇರಲಿ, ಅವಳು ನೀವು ಎಂದೇ ಮಾತಾಡಿಸುತ್ತಿದ್ದಳು.

"ಡಾಕ್ಟ್ರುಗಳು ಎಲ್ಲಾ ಇಂಗ್ಲಿಷ್‌ನಾಗೇ ಮಾತಾಡ್ಕತಾರೆ ಮೇಡಂ. ಯಾರು ಉಳೀತಾರೆ, ಯಾರು ಹೋದ್ರು, ಒಂದೂ ತಿಳಿಯಾಕಿಲ್ಲ. ನಾನು ಹೋದೋರ ಹಾಸಿಗೆ ಹತ್ರ ಗಂಜಿ ಹಿಡ್ಕಂಡು ನಿಂತಿರ್ತೀನಿ."

ಚಾಪೆಯಲ್ಲಿ ಜಾಗವಿದ್ದರೂ ಅವಳು ನೇರವಾಗಿ ಹೋಗಿ ಈಶಾನ್ಯದ ಮೂಲೆಯಲ್ಲಿ ಬರಿ ನೆಲದ ಮೇಲೆ ಕೂತಳು.

"ಅಲ್ಲಿ ತೇವ ಇದೆ, ಈ ಕಡೆ ಬನ್ನಿ."

"ಇರ್ಲಿ ಮೇಡಂ. ನಂಗೆ ಇಲ್ಲೇ ಚೆಂದಾಗೈತೆ."

ಅವಳು ಕೂತ ಮೇಲೆ ಕೋಣೆ ಬೇರೆಯಾಯಿತು. ವಿಮಲಾಗೆ ಎಷ್ಟೋ ತಿಂಗಳ ಮೇಲೆ ಬೆನ್ನು ಹಗುರಾಗಿ, ಯಾರನ್ನೋ ಕಾಯಿಸುತ್ತಿದ್ದೇನೆಂಬ ಭಾವ ಆ ಒಂದು ಗಂಟೆ ಇಲ್ಲವಾಯಿತು.

ಪಾಠ ಕ್ರಿಯಾಪದದ ಕಾಲಗಳಿಂದ ಶುರುವಾಯಿತು. ದಿನವೂ ಮಾಡುವ ಕೆಲಸಕ್ಕೆ ಒಂದು ರೂಪ, ಈಗ ಕಣ್ಣೆದುರು ನಡೆಯುತ್ತಿರುವುದಕ್ಕೆ ಇನ್ನೊಂದು, ಮುಂದೆ ಆಗುವುದಕ್ಕೆ ಮತ್ತೊಂದು. ತಿಮ್ಮರಾಯಪ್ಪ ಎಲ್ಲ ವಾಕ್ಯಕ್ಕೂ ಬಸ್ಸನ್ನೇ ತರುತ್ತಿದ್ದ. ಬಸ್ಸು ಬರುತ್ತದೆ, ಬಸ್ಸು ಬರುತ್ತಿದೆ, ಬಸ್ಸು ಬರುವುದು.

ಮುನಿಲಕ್ಷ್ಮಮ್ಮ ಒಂದು ದಿನ ಕೈಯೆತ್ತಿದಳು. "ಮೇಡಂ, ಕನ್ನಡದಾಗೆ ನಾವು ದಿನಾ ಬರೋಳ್ನೂ 'ಬತ್ತಾಳೆ' ಅಂತೀವಿ, ನಾಳೆ ಬರೋಳ್ನೂ 'ಬತ್ತಾಳೆ' ಅಂತೀವಿ. ಇಂಗ್ಲಿಷ್‌ನಾಗೆ ಯಾಕೆ ಎರಡು?"

"ಅವರಿಗೆ ಯಾವಾಗ ಅನ್ನೋದು ಖಚಿತವಾಗಿ ಗೊತ್ತಾಗಬೇಕು."

"ಗೊತ್ತಿಲ್ದೋರು ಏನಂತಾರೆ?"

ಜಯಾ ನಕ್ಕಳು. ವಿಮಲಾಗೂ ನಗು ಬಂತು, ಮುಂದಿನ ವಾಕ್ಯಕ್ಕೆ ಹೋದಳು.

ಮನೆಯಲ್ಲಿ ಬರೆದು ತರಲು ಕೊಟ್ಟ ವಾಕ್ಯಗಳಲ್ಲಿ ಮುನಿಲಕ್ಷ್ಮಮ್ಮ ತನ್ನ ಮಗಳನ್ನು ಬರೆಯುತ್ತಿದ್ದಳು. ಮಗಳ ಹೆಸರು ಸಪ್ಪಲಮ್ಮ. ಸಪ್ಪಲಮ್ಮನಿಗೆ ಹನ್ನೊಂದು ವರ್ಷ. ಸಪ್ಪಲಮ್ಮ ಹುಣಿಸೆಕಾಯಿ ತಿನ್ನುತ್ತಾಳೆ. ಸಪ್ಪಲಮ್ಮ ನೀರು ಸೇದುತ್ತಿದ್ದಾಳೆ. ಅಕ್ಷರ ದಪ್ಪ, ತಪ್ಪು ಕಡಿಮೆ. ಮಗಳನ್ನೂ ಒಂದು ದಿನ ಕರೆದುಕೊಂಡು ಬನ್ನಿ ಎಂದು ವಿಮಲಾ ಅಂದಾಗ ಅವಳು ಸುಮ್ಮನೆ ತಲೆಯಾಡಿಸಿದಳು.

ಶ್ರಾವಣದ ಕೊನೆಗೆ ಭೂತಕಾಲ ಬಂತು. ಹಿಂದೆ ಬರೆದ ಹತ್ತು ವಾಕ್ಯಗಳನ್ನು ನಡೆದುಹೋದ ಮಾತಾಗಿ ಬದಲಿಸಿ ತನ್ನಿ ಎಂದು ವಿಮಲಾ ಹೇಳಿದಳು. ಮುನಿಲಕ್ಷ್ಮಮ್ಮ ಹಾಲಿನವನ ವಾಕ್ಯವನ್ನು ಬದಲಿಸಿದ್ದಳು, ಬಸ್ಸನ್ನು ಬದಲಿಸಿದ್ದಳು, ನರ್ಸಮ್ಮನನ್ನು ಬದಲಿಸಿದ್ದಳು. ಸಪ್ಪಲಮ್ಮನ ನಾಲ್ಕು ವಾಕ್ಯಗಳು ಇದ್ದ ಹಾಗೇ ಇದ್ದವು. ವಿಮಲಾ ಕೆಂಪು ಪೆನ್ಸಿಲಿನಲ್ಲಿ ನಾಲ್ಕನ್ನೂ ತಿದ್ದಿ ಕೊಟ್ಟಳು. ಮುನಿಲಕ್ಷ್ಮಮ್ಮ ಆ ಕೆಂಪು ಗೆರೆಗಳನ್ನು ನೋಡುತ್ತ ಕೂತುಬಿಟ್ಟಳು. ಉಳಿದಿಬ್ಬರು ಎದ್ದು ಹೋದರೂ ಏಳಲಿಲ್ಲ.

"ಮೇಡಂ, ನೀವು ಬರೆದಿರೋ ಹಂಗೆ ನೀರು ಸೇದಿದಳು ಅಂದ್ರೆ... ಆ ಕೆಲಸ ಮುಗೀತು ಅಂತಲ್ವಾ? ಸೇದಿದ್ಲು, ಬಿಂದಿಗೆ ಎತ್ಕಂಡ್ಲು, ಮನೆಗೆ ಬಂದ್ಲು?"

"ಹೌದು. ಮುಗಿದ ಕೆಲಸ."

"ಅವ್ಳು ಬರ್ಲಿಲ್ಲ ಮೇಡಂ."

ವಿಮಲಾ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು.

"ಏಳು ವರ್ಷ ಆಯ್ತು. ಬಾವಿಗೆ ಹೋಗಿ ಒಂದು ಬಿಂದಿಗೆ ತತ್ತಾ ಅಂತ ಸಂಜೆ ಹೊತ್ನಾಗೆ ನಾನೇ ಕಳಿಸ್ದೆ. ಬಿಂದಿಗೆ ಕಟ್ಟೆ ಮ್ಯಾಲೆ ಇತ್ತು. ಅವ್ಳು ಇರ್ಲಿಲ್ಲ. ಮೂರು ದಿನ ಪಾತಾಳಗರಡಿ ಬಿಟ್ಟು ಹುಡುಕಿದ್ರು. ಯಾರದ್ದೋ ಚೊಂಬು ಬಂತು, ಕೊಡ ಬಂತು, ಅವ್ಳು ಬರ್ಲಿಲ್ಲ. ಕೆಳಗೆ ಹೂಳು ಎರಡಾಳು ಐತೆ ಅಂದ್ರು. ಕನಕಪುರದ ಬಸ್ಸಿಗೆ ಹತ್ತಿದ್ದನ್ನ ಕಂಡೆ ಅಂತ ಒಬ್ಬ ಅಂದ. ಯಾವ್ದು ಅಂತ ಬರೀಲಿ?"

ಕಲಿಸುವವಳಿಗೆ ಕಲಿಸುವುದೊಂದೇ ಗೊತ್ತು. ವಿಮಲಾ ಅವಳ ಪಕ್ಕ ಕೂತು, ಕೆಂಪು ಗೆರೆಗಳನ್ನು ರಬ್ಬರಿನಿಂದ ಒರೆಸಿ, ಇನ್ನೂ ಕಲಿಸದಿದ್ದ ಒಂದು ರೂಪವನ್ನು ಹೇಳಿಕೊಟ್ಟಳು. ಕೆಲಸ ನಡೆದದ್ದು ಹಿಂದೆ, ಆದರೆ ಅದು ಇನ್ನೂ ಬಿಟ್ಟು ಹೋಗಿಲ್ಲ, ಈಗಲೂ ನಮ್ಮ ಜೊತೆಗಿದೆ ಎನ್ನುವಾಗ ಇದು ಬರುತ್ತದೆ. ಮುನಿಲಕ್ಷ್ಮಮ್ಮ ಒಂದೊಂದೇ ಅಕ್ಷರ ಬರೆದು ಗಟ್ಟಿಯಾಗಿ ಓದಿದಳು.

"ಷಿ ಹ್ಯಾಸ್ ಗಾನ್ ಟು ದ ವೆಲ್. ಷಿ ಹ್ಯಾಸ್ ನಾಟ್ ಕಮ್ ಬ್ಯಾಕ್."

ಓದುತ್ತ ಅವಳು ಎಡ ಅಂಗೈಯನ್ನು ಪಕ್ಕದ ನೆಲದ ಮೇಲೆ ಚಪ್ಪಟೆಯಾಗಿ ಇಟ್ಟಿದ್ದಳು, ಮಲಗಿದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ.

"ಆ ಬಾವಿ ಎಲ್ಲಿತ್ತು, ಮುನಿಲಕ್ಷ್ಮಮ್ಮ?"

"ಇಲ್ಲೇ ಮೇಡಂ," ಎಂದಳು ಅವಳು, ಕೈ ತೆಗೆಯದೆ.

ಆಮೇಲಿನದನ್ನು ಅವಳು ತಡೆಯದೆ ಹೇಳಿದಳು. ಇದು ಅವಳ ಗಂಡ ಪಿಳ್ಳಪ್ಪನ ಹೊಲ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ, ನಲವತ್ತು ಅಡಿ. ಮಗಳು ಹೋದ ಮರುವರ್ಷ ಲೇಔಟಿಗೆ ಜಮೀನು ಹೋಯಿತು. ಬಾವಿಯ ನೀರು ಖಾಲಿ ಮಾಡಿ ಹೂಳು ತೆಗೆಸಿ, ಆಮೇಲೆ ಮುಚ್ಚಿ ಎಂದು ಅವಳು ಮಣ್ಣಿನ ಕಂಟ್ರಾಕ್ಟರನ ಕಾಲು ಹಿಡಿದಳು. ನಾಳೆ ಪಂಪು ತರಿಸುತ್ತೇನೆ ಎಂದ. ಮರುದಿನ ಬರುವಷ್ಟರಲ್ಲಿ ಲಾರಿಗಳು ಮಣ್ಣು ಸುರಿದು ಹೋಗಿದ್ದವು. ಪಿಳ್ಳಪ್ಪ ಆ ವರ್ಷವೇ ತೀರಿಕೊಂಡ. ಮನೆ ಎದ್ದಾಗ ಅವಳು ಎರಡು ಸಲ ಕಸಮುಸುರೆಯ ಕೆಲಸ ಕೇಳಿಕೊಂಡು ಗೇಟಿಗೆ ಬಂದಿದ್ದಳು. ಬೇಡ ಎಂದು ಕಳಿಸಿದವಳು ವಿಮಲಾಳೇ. ಆಮೇಲೆ ಬೋರ್ಡು ಕಂಡಿತು.

"ಹಂಗಾದ್ರೆ ನೀವು ಬಂದದ್ದು ಕಲಿಯಕ್ಕಲ್ಲ," ಎಂದಳು ವಿಮಲಾ. ದನಿ ತನಗೇ ಒರಟಾಗಿ ಕೇಳಿತು.

"ಮೊದ್ಲು ಅಲ್ಲ. ಈಗ ಕಲೀತಿವ್ನಿ ಮೇಡಂ."

"ನನ್ನ ಮನೇಲಿ ಕೂತು, ದಿನಾ, ನನಗೆ ಒಂದು ಮಾತೂ ಹೇಳದೆ... ನಾಳೆಯಿಂದ ಬರಬೇಡಿ. ದಯವಿಟ್ಟು ಬರಬೇಡಿ."

ಮುನಿಲಕ್ಷ್ಮಮ್ಮ ನೋಟ್‌ಬುಕ್ಕನ್ನು ಸುರುಳಿ ಸುತ್ತಿಕೊಂಡು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಭಯವೇ ಕೋಪವಾಗಿತ್ತೆಂದು ವಿಮಲಾಗೆ ಆಗಲೇ ಗೊತ್ತಿತ್ತು. ಆದರೂ ಕರೆಯಲಿಲ್ಲ.

ಹತ್ತು ದಿನ ಹೋಯಿತು. ಮಧ್ಯಾಹ್ನಗಳು ಮೊದಲಿಗಿಂತ ಕಷ್ಟವಾದವು. ಈಗ ಕಾಯುತ್ತಿದ್ದದ್ದಕ್ಕೆ ಒಂದು ಹೆಸರಿತ್ತು, ಹನ್ನೊಂದು ವರ್ಷದ ವಯಸ್ಸಿತ್ತು. ವಿಮಲಾ ಅಡುಗೆಮನೆಯಲ್ಲಿದ್ದರೂ ಕಿವಿ ಮುಂದಿನ ಕೋಣೆಯಲ್ಲಿರುತ್ತಿತ್ತು. ಹನ್ನೊಂದನೆಯ ಸಂಜೆ ಜಯಾ, ತಿಮ್ಮರಾಯಪ್ಪ ಇಬ್ಬರನ್ನೇ ಕೂರಿಸಿಕೊಂಡು ಅವಳು ಕ್ರಿಯಾಪದದ ಮೂರು ರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಅವಳು ಮೊದಲನೆಯದನ್ನು ಹೇಳುವುದು, ಅವರು ಮುಂದಿನೆರಡನ್ನು ಕೂಡಿಸುವುದು.

"ಗೋ," ಎಂದಳು.

"ವೆಂಟ್, ಗಾನ್."

"ಕಮ್."

"ಕೇಮ್, ಕಮ್."

ಇಬ್ಬರು ಹೇಳುತ್ತಿದ್ದರು. ಮೂರು ದನಿ ಕೇಳುತ್ತಿತ್ತು. ಜಯಾಳ ದನಿಗಿಂತ ಸಣ್ಣದು, ಕೊಂಚ ಹಿಂದೆ ಬೀಳುವಂಥದ್ದು, ಬಾಯಲ್ಲಿ ಏನನ್ನೋ ಚೀಪುತ್ತ ಹೇಳುವ ಮಗುವಿನದು. ವಿಮಲಾ ಕೈಯೆತ್ತಿ ನಿಲ್ಲಿಸಿದಳು. ಇಬ್ಬರೂ ನಿಲ್ಲಿಸಿದರು. ಆ ಮೂರನೆಯದು ಒಂದು ಗಳಿಗೆ ತಡವಾಗಿ ನಿಂತಿತು.

ನನ್ನ ಭ್ರಮೆ ಎಂದುಕೊಳ್ಳಲು ದಾರಿ ಉಳಿಯಲಿಲ್ಲ. ಜಯಾ ಕತ್ತು ತಿರುಗಿಸಿ ಈಶಾನ್ಯದ ಮೂಲೆಯನ್ನೇ ನೋಡುತ್ತಿದ್ದಳು. ತಿಮ್ಮರಾಯಪ್ಪ ಚಪ್ಪಲಿ ಹುಡುಕುತ್ತ, "ಮೇಡಂ, ಇವತ್ತು ಡಿಪೋದಲ್ಲಿ ಸ್ವಲ್ಪ ಕೆಲಸ ಇದೆ" ಎಂದ. ಜಯಾಳನ್ನು ಬಸ್ ಸ್ಟಾಪಿನವರೆಗೂ ಅವನೇ ಕರೆದುಕೊಂಡು ಹೋದ.

ಸೇತುರಾಮ ಬಂದಾಗ ವಿಮಲಾ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಬ್ಯಾಗು ಇಳಿಸುವ ಮೊದಲೇ ಎಲ್ಲವನ್ನೂ ಹೇಳಿದಳು. ಅವನು ನಗುತ್ತಾನೆ, ಇಲ್ಲ ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದ. ಒಂದು ಲೇಸನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

"ನಿಮಗೆ ಗೊತ್ತಿತ್ತಾ?" ಎಂದಳು.

"ಪಾಯ ತೆಗೆಯುವಾಗ ಬಾವಿ ಕಟ್ಟೆ ಸಿಕ್ತು. ಊರಿನೋರು ಯಾರೋ ಬಂದು ಮಗು ವಿಷಯಾನೂ ಹೇಳಿದ್ರು. ಗುಂಡಣ್ಣ, ಸಾರ್ ಬೇರೆ ಸೈಟ್ ನೋಡೋಣ ಅಂದ. ನಾನೇ ಬೇಡ ಅಂದೆ." ಅವನು ಅವಳ ಕಡೆ ನೋಡಲಿಲ್ಲ. "ಆಗ ನಿನಗೆ ಎರಡನೇ ಸಲ ಹೋಗಿತ್ತು ವಿಮಲಾ. ಐದನೇ ತಿಂಗಳು. ನಿನ್ನ ಹತ್ರ ಇನ್ನೊಂದು ಮಗೂ ಮಾತು ಹೆಂಗೆ ಎತ್ತಲಿ? ಎರಡು ಶಾಂತಿ ಮಾಡಿಸಿದೀನಲ್ಲ, ಸಾಕು ಅಂದ್ಕೊಂಡೆ."

"ಎರಡು ವರ್ಷ ನಾನು ಆ ಕೋಣೇಲಿ ಹೆದರಿಕೊಂಡು ಕೂತಿದ್ದೆ. ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ನೀನೂ ಹೇಳಲಿಲ್ಲ," ಎಂದ ಅವನು ಮೆಲ್ಲಗೆ.

ಅದು ನಿಜವೇ ಆಗಿತ್ತು. ಆದರೂ ಆ ಮಾತಿಗಾಗಿ ಅವಳು ಅವನನ್ನು ಬಹಳ ಕಾಲ ಕ್ಷಮಿಸಲಿಲ್ಲ.

ಮರುದಿನ ಬೆಳಿಗ್ಗೆ ವಿಮಲಾ ಸಾರಕ್ಕಿಗೆ ನಡೆದುಕೊಂಡು ಹೋದಳು. ಮುನಿಲಕ್ಷ್ಮಮ್ಮ ಹೆಂಚಿನ ಮನೆಯ ಮುಂದೆ ಸೀರೆ ಹಿಂಡುತ್ತಿದ್ದಳು. ವಿಮಲಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಮರೆತುಹೋಗಿ, ನಿನ್ನೆ ಕೇಳಿದ್ದನ್ನಷ್ಟೇ ಹೇಳಿದಳು. ಮುನಿಲಕ್ಷ್ಮಮ್ಮ ಹೆದರಲಿಲ್ಲ, ಅಳಲೂ ಇಲ್ಲ. ಹಿಂಡುತ್ತಿದ್ದ ಸೀರೆ ಕೈಯಲ್ಲೇ ಇತ್ತು.

"ಸರಿಯಾಗಿ ಹೇಳಿದ್ಲಾ ಮೇಡಂ, ಪಾಠಾನ?"

"ಸರಿಯಾಗೇ ಹೇಳಿದಳು."

"ಶಾಲೇಲೂ ಹಂಗೇ. ಒಂದ್ಸಲ ಕೇಳಿದ್ರೆ ಬತ್ತಿತ್ತು ಅವ್ಳಿಗೆ." ಆಮೇಲೆ ಸೀರೆಯನ್ನು ಹಗ್ಗದ ಮೇಲೆ ಹರವಿ, "ಒಂದು ಸಲ ಆ ಮೂಲೆ ನೆಲ ತೆಗೆಸ್ತೀರಾ ಮೇಡಂ? ಸಿಗ್ಲಿ ಅಂತಲ್ಲ. ಅವತ್ತು ನಾನು ಕಟ್ಟೆ ಹತ್ರ ಹೋಗಿ ಕೂಗ್ಲಿಲ್ಲ. ಬತ್ತಾಳೆ ಅಂತ ಒಲೆ ಮುಂದೆ ಕೂತಿದ್ದೆ" ಎಂದಳು.

ಭಾನುವಾರ ಗುಂಡಣ್ಣ ಇಬ್ಬರು ಆಳುಗಳ ಜೊತೆ ಬಂದ. ಸೇತುರಾಮನೇ ಹೋಗಿ ಕರೆದುಕೊಂಡು ಬಂದಿದ್ದ. ಕೋಣೆಯ ಸಾಮಾನನ್ನೆಲ್ಲ ವರಾಂಡಕ್ಕೆ ಸಾಗಿಸಿ, ಮೂಲೆಯ ನೆಲವನ್ನು ಹಾರೆಯಿಂದ ಮೀಟಿದರು. ಎರಡಡಿಗೆ ಜಲ್ಲಿ, ಆಮೇಲೆ ಬರೀ ತುಂಬಿದ ಮಣ್ಣು, ಇಟ್ಟಿಗೆಚೂರು, ಯಾರದ್ದೋ ರಬ್ಬರ್ ಚಪ್ಪಲಿ. ಐದಡಿಯಲ್ಲಿ ಕಪ್ಪು ಕಲ್ಲಿನ ಅಂಚು ಬಾಗಿಕೊಂಡು ಕಾಣಿಸಿತು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳಗಲದ ತೋಡು ಬಿದ್ದಿತ್ತು. ಗುಂಡಣ್ಣ ಮೇಲೆ ಬಂದು ಕೈ ಒರೆಸಿಕೊಂಡ.

"ಇನ್ನು ತೆಗೆದ್ರೆ ಗೋಡೆ ನಿಲ್ಲಲ್ಲ ಸಾರ್. ನನ್ನ ಕೈಲಾಗಲ್ಲ."

"ಇಷ್ಟೇ ಸಾಕಣ್ಣ," ಎಂದಳು ಮುನಿಲಕ್ಷ್ಮಮ್ಮ. ಯಾರ ಕೈಯನ್ನೂ ಹಿಡಿಯದೆ ಗುಂಡಿಗೆ ಇಳಿದು, ಕಟ್ಟೆಯ ಕಲ್ಲಿನ ಮೇಲೆ ಕೂತಳು. ಕಿಟಕಿಯಿಂದ ಬಿದ್ದ ಬಿಸಿಲು ಅವಳ ತಲೆಯವರೆಗೂ ತಲುಪುತ್ತಿರಲಿಲ್ಲ. ಅವಳು ಬಗ್ಗಿ, ಕೇರಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದಳು.

"ಸಪ್ಪಲೀ... ಬಾರೇ, ಹೊತ್ತಾಯ್ತು. ನೀರು ಬ್ಯಾಡ, ಬಾ."

ಮೂರು ಸಲ ಕೂಗಿದಳು. ಮೂರನೆಯ ಸಲ ಅವಳ ಕಾಲಬುಡದ ಮಣ್ಣು ತಾನಾಗಿ ಜಾರಿ, ಮುಷ್ಟಿಯಗಲದ ಒಂದು ತೂತು ಬಿತ್ತು. ಒಂದು ಹೆಂಟೆ ಅದರೊಳಗೆ ಉರುಳಿತು. ಆ ಹೆಂಟೆ ಬೀಳುತ್ತಲೇ ಇತ್ತು. ಇಷ್ಟು ಹೊತ್ತು ಯಾವ ವಸ್ತುವೂ ಬೀಳಲಾರದು ಎಂದು ವಿಮಲಾಗೆ ಅನ್ನಿಸಿದ ಮೇಲೆ, ದೂರದಲ್ಲಿ, ಬಹಳ ಕೆಳಗೆ, ನೀರಿನ ಸದ್ದು ಕೇಳಿತು.

ಆಳುಗಳಿಬ್ಬರೂ ವರಾಂಡಕ್ಕೆ ಓಡಿದರು. ಇಷ್ಟು ಲಾರಿ ಮಣ್ಣಿನ ಕೆಳಗೆ ನೀರು ಹೇಗೆ ಉಳಿಯಿತೆಂದು ಗುಂಡಣ್ಣ ಆಮೇಲೆ ಏನೇನೋ ಕಾರಣ ಹೇಳಿದ. ಮಣ್ಣು ನಡುವೆ ಸಿಕ್ಕಿಕೊಂಡು ಕಮಾನು ಕಟ್ಟಿರುತ್ತದೆ, ಕೆಳಗೆ ಪೊಳ್ಳು ಇರುತ್ತದೆ ಎಂದ. ಮುನಿಲಕ್ಷ್ಮಮ್ಮನಿಗೆ ಅದು ಬೇಕಿರಲಿಲ್ಲ. ಆ ಸದ್ದು ಕೇಳಿದ ಮೇಲೆ ಅವಳು ತೂತಿಗೆ ಬಾಯಿಟ್ಟು ಬಹಳ ಹೊತ್ತು ಏನೋ ಮಾತಾಡಿದಳು. ಅದು ಯಾರಿಗೂ ಕೇಳಿಸಲಿಲ್ಲ. ವಿಮಲಾ ಕೇಳಿಸಿಕೊಳ್ಳಲು ಪ್ರಯತ್ನಿಸಲೂ ಇಲ್ಲ. ಅವಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಮುನಿಲಕ್ಷ್ಮಮ್ಮ ಮೇಲೆ ಬರುವಾಗ ಹಿಡಿಯಲು ಕೈ ಚಾಚಿಕೊಂಡು ಕೂತಿದ್ದಳು.

ತೂತಿನ ಮೇಲೆ ಚಪ್ಪಡಿ ಕಲ್ಲು ಎಳೆಸಿ, ಮಣ್ಣು ಮುಚ್ಚಿಸಿದರು. ಅದರ ಮೇಲೆ ಗಾರೆ ಹಾಕುವುದು ಬೇಡ ಎಂದಳು ವಿಮಲಾ. ಮೂಲೆಯ ಆ ಮೂರಡಿ ಜಾಗ ಸಗಣಿ ಸಾರಿಸಿದ ಮಣ್ಣಿನ ನೆಲವಾಗಿಯೇ ಉಳಿಯಿತು.

ತಿಮ್ಮರಾಯಪ್ಪ ಮತ್ತೆ ಬರಲಿಲ್ಲ. ಜಯಾ ಒಂದು ವಾರ ಬಿಟ್ಟು ಬಂದಳು. ಮುನಿಲಕ್ಷ್ಮಮ್ಮ ಎರಡು ವರ್ಷ ಪಾಠಕ್ಕೆ ಬಂದಳು. ನರ್ಸಿಂಗ್ ಹೋಮಿನಲ್ಲಿ ಅವಳನ್ನು ಮಕ್ಕಳ ವಾರ್ಡಿಗೆ ಹಾಕಿದರು. ಡಾಕ್ಟರು ಹೇಳಿದ್ದನ್ನು ತಾಯಂದಿರಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ತಾನಾಗಿ ಅವಳ ಪಾಲಿಗೆ ಬಂತು. ಮಗು ಉಳಿಯುವುದಿಲ್ಲ ಎನ್ನುವುದನ್ನು ಅವಳು ಹೇಳುವ ರೀತಿಯಲ್ಲಿ ಬೇರೆ ಯಾರಿಗೂ ಹೇಳಲು ಬರುವುದಿಲ್ಲ ಎಂದು ಅಲ್ಲಿನ ಹೆಡ್ ನರ್ಸು ಒಮ್ಮೆ ವಿಮಲಾಗೆ ಹೇಳಿದ್ದುಂಟು. ಪಾಠ ನಿಂತ ಮೇಲೂ ಡ್ಯೂಟಿ ಮುಗಿಸಿ ಐದೂವರೆಗೆ ಬಂದು, ಹತ್ತು ನಿಮಿಷ ಮೂಲೆಯಲ್ಲಿ ಕೂತು ಹೋಗುವುದನ್ನು ಅವಳು ಬಿಡಲಿಲ್ಲ. ಆ ಸಣ್ಣ ದನಿ ವಿಮಲಾಗೆ ಮತ್ತೆ ಕೇಳಲಿಲ್ಲ. ಕೇಳದೆ ಹೋದದ್ದರಿಂದಲೂ ಅವಳಿಗೆ ನೆಮ್ಮದಿಯಾಗಲಿಲ್ಲ. ಕೆಲವು ಮಧ್ಯಾಹ್ನ ಪತ್ರಿಕೆ ಮಡಿಸಿಟ್ಟು, ಮೂಲೆಯ ಕಡೆ ಮುಖ ಮಾಡಿ ಕೂತು ತಾನೇ ಕಾಯುತ್ತಿದ್ದಳು.

ಎಂಬತ್ತಾರರಲ್ಲಿ ಸೇತುರಾಮನಿಗೆ ಮೈಸೂರಿಗೆ ವರ್ಗವಾಯಿತು. ಮನೆ ಮಾರುವುದೆಂದಾಯಿತು. ಕೊಳ್ಳಲು ಬಂದವರಿಗೆಲ್ಲ ವಿಮಲಾ ಬಾವಿಯನ್ನೂ ಮಗುವನ್ನೂ ಮೊದಲೇ ಹೇಳುತ್ತಿದ್ದಳು. "ಕೊನೇಲಿ ಹೇಳು, ಮೊದಲು ಅವರು ಮನೆ ನೋಡಲಿ" ಎಂದು ಸೇತುರಾಮ ಬೇಡಿಕೊಂಡ. ಅವಳು ಕೇಳಲಿಲ್ಲ. ಮೊದಲು ಬಂದವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎರಡನೆಯವರು ಗೇಟಿನಿಂದಲೇ ತಿರುಗಿದರು. ನಾಲ್ಕು ತಿಂಗಳ ಮೇಲೆ ಪದ್ಮನಾಭನಗರದಿಂದ ಕಮಲಾದೇವಿ ಎಂಬ ಹೆಂಗಸು ಒಬ್ಬರೇ ಬಂದರು. ಯಾವುದೋ ಪ್ರೈಮರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ವಿಮಲಾ ಹೇಳಿದ್ದನ್ನು ಪೂರ್ತಿ ಕೇಳಿ, ಮಣ್ಣಿನ ನೆಲದ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತರು.

"ಇನ್ನೊಂದು ಮಾತು," ಎಂದಳು ವಿಮಲಾ. "ಆ ತಾಯಿ ದಿನಾ ಸಂಜೆ ಬರ್ತಾರೆ. ಬರಬೇಡಿ ಅನ್ನೋ ಹಾಗಿದ್ರೆ ನಾನು ಮನೆ ಕೊಡಲ್ಲ."

"ಎಷ್ಟು ಹೊತ್ತಿಗೆ ಬರ್ತಾರೆ?"

"ಐದೂವರೆಗೆ."

"ನಾನು ಮನೇಲೇ ಇರ್ತೀನಿ, ಬರ್ಲಿ ಬಿಡಿ," ಎಂದು ಕಮಲಾದೇವಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ನೋಡಲು ಒಳಗೆ ಹೋದರು.